ಆಲ್ಪ್ಸ್‌ನಲ್ಲಿ ಸ್ಕೀ ರಜೆ, ಹತ್ತು ಜನ: ಶ್ಯಾಲೆ ಆರಿಸುವಾಗ ಏನೇನು ನೋಡಬೇಕು?

ಮೈಸೂರು_ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಇಲ್ಲಿ ಜರ್ಮನಿಯ ಬವೇರಿಯಾದಲ್ಲಿ ಮಕ್ಕಳಿಗೆ ಒಂದು ವಾರ ರಜೆ. ಈ ಸಲ ಸ್ಕೀಗೆ ಹೋಗಲೇಬೇಕು ಅಂತ ಎರಡು ಮನೆಯವರು ಸೇರಿ ತೀರ್ಮಾನ ಮಾಡಿದ್ದೇವೆ. ದೊಡ್ಡವರು ನಾಲ್ಕು ಜನ, ಮಕ್ಕಳು ನಾಲ್ಕು (ಚಿಕ್ಕವಳಿಗೆ ಐದು ವರ್ಷ, ದೊಡ್ಡವನಿಗೆ ಹನ್ನೊಂದು). ಜೊತೆಗೆ ಮೈಸೂರಿನಿಂದ ಬರುವ ನಮ್ಮ ಅಪ್ಪ ಅಮ್ಮ. ನಾನು ಮತ್ತು ಗೆಳೆಯ ಅಲ್ಪಸ್ವಲ್ಪ ಸ್ಕೀ ಮಾಡುತ್ತೇವೆ, ಉಳಿದವರು ಹೊಸಬರು. ಅಪ್ಪನಿಗೆ 68, ಮಂಡಿ ನೋವು. ಅಮ್ಮನಿಗೆ ಜಾರುವ ಭಯ.

ಮೂರು ಕಡೆ ನೋಡಿಟ್ಟಿದ್ದೇನೆ. ಒಂದು, ಆಸ್ಟ್ರಿಯಾದ ಟಿರೋಲ್‌ನಲ್ಲಿ ಸುಮಾರು 900 ಮೀಟರ್ ಎತ್ತರದ ಹಳ್ಳಿಯಲ್ಲಿ ಮರದ ಶ್ಯಾಲೆ, ಅಂದರೆ ಬೆಟ್ಟದ ಮನೆ. ಫೋಟೋದಿಂದ ಕಣ್ಣು ಕೀಳಲು ಆಗುವುದಿಲ್ಲ. ಸೌನಾ (ಬಿಸಿ ಹವೆಯ ಕೋಣೆ), ಕಟ್ಟಿಗೆ ಒಲೆ, ಹೊರಗೆ ಬಿಸಿನೀರಿನ ತೊಟ್ಟಿ. ಸ್ಕೀ ಮಾಡುವವರನ್ನು ಬೆಟ್ಟ ಹತ್ತಿಸುವ ಲಿಫ್ಟ್‌ಗೆ 400 ಮೀಟರ್ ಅಂತ ಬರೆದಿದ್ದಾರೆ. ಎರಡು, ಫ್ರಾನ್ಸ್‌ನ ವಾಲ್ ತೊರಾನ್ಸ್‌ನಲ್ಲಿ ಹತ್ತು ಜನರ ಅಪಾರ್ಟ್‌ಮೆಂಟ್, ಬಾಗಿಲು ತೆಗೆದರೆ ಪಿಸ್ಟ್ (ಸ್ಕೀ ಮಾಡುವ ಇಳಿಜಾರು). ಮೂರು, ಸ್ವಿಟ್ಜರ್ಲೆಂಡ್‌ನ ಬೆಟ್‌ಮೆರಾಲ್ಪ್‌ನಲ್ಲಿ ಹಳೇ ಶ್ಯಾಲೆ, ಕಾರು ಹೋಗದ ಊರು.

ನನ್ನ ಮನಸ್ಸು ಮೊದಲನೆಯದರ ಕಡೆಗೇ ಇದೆ. ದುಡ್ಡು ಕಟ್ಟುವ ಮೊದಲು ನಿಮ್ಮ ಮಾತು ಕೇಳೋಣ ಅಂತ ಬಂದೆ.

ಜಿನೀವಾ_ಗಿರಿ

900 ಮೀಟರ್ ಬೇಡ. ಫೋಟೋ ಯಾವ ವರ್ಷದ್ದು ಅಂತ ಕೇಳಿ ಮೊದಲು. 2023ರ ಹೊಸ ವರ್ಷದ ಹೊತ್ತಿಗೆ ತಗ್ಗಿನ ಊರುಗಳಲ್ಲಿ ಹಸಿರು ಹುಲ್ಲು ಕಾಣುತ್ತಿತ್ತು, ನಡುವೆ ಒಂದು ಪಟ್ಟಿ ಕೃತಕ ಹಿಮ. ಸ್ನೋ ಗನ್ (ಕೃತಕ ಹಿಮ ಮಾಡುವ ಯಂತ್ರ) ಇದೆ ಅಂತ ಮಾಲೀಕರು ಹೇಳುತ್ತಾರೆ. ಆದರೆ ಅದು ಕೆಲಸ ಮಾಡಲು ಹವೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಇಳಿಯಬೇಕು. ಬೆಚ್ಚಗಿನ ವಾರದಲ್ಲಿ ಗನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಊರು 1800 ಮೀಟರ್ ಮೇಲಿರಲಿ. ತಲೆನೋವೇ ಇಲ್ಲ.

ಇನ್ಸ್‌ಬ್ರುಕ್_ಇಂದು

@ಜಿನೀವಾ_ಗಿರಿ, ಅರ್ಧ ಸರಿ. ಊರಿನ ಎತ್ತರ ಬೇರೆ, ಸ್ಕೀ ಮಾಡುವ ಜಾಗದ ಎತ್ತರ ಬೇರೆ. ಟಿರೋಲ್‌ನ ಮಾಯರ್‌ಹೋಫೆನ್ ಊರು ಬರೀ 630 ಮೀಟರ್. ಆದರೆ ಊರಿನಿಂದಲೇ ಗೊಂಡೊಲಾ (ತಂತಿಯ ಮೇಲೆ ಹೋಗುವ ಡಬ್ಬಿ) ಹತ್ತಿದರೆ ಪೆಂಕೆನ್ ಬೆಟ್ಟದ ಮೇಲೆ ಇಳಿಯುತ್ತೀರಿ, ಆ ಜಾಗ 2000 ಮೀಟರ್ ಆಚೆಗೂ ಹೋಗುತ್ತದೆ. ಅದೇ ಕಣಿವೆಯ ತುದಿಯಲ್ಲಿ ಹಿಂಟರ್‌ಟುಕ್ಸ್ ಹಿಮನದಿ ಇದೆ, 3250 ಮೀಟರ್‌ವರೆಗೆ ಲಿಫ್ಟ್, ವರ್ಷವಿಡೀ ಸ್ಕೀ. ಕೆಳಗಿನ ಊರಲ್ಲಿ ಮಲಗಿ ಮೇಲೆ ಹೋಗಿ ಸ್ಕೀ ಮಾಡಿ ಬರಬಹುದು. ಸಂಜೆ ಮನೆ ಬಾಗಿಲಿಗೆ ಸ್ಕೀಯಲ್ಲೇ ಇಳಿಯಲು ಆಗುವುದಿಲ್ಲ, ಲಿಫ್ಟ್‌ನಲ್ಲಿ ಇಳಿಯಬೇಕು. ಅಷ್ಟೇ.

ನೀವು ಕೇಳಬೇಕಾದ್ದು ಊರಿನ ಎತ್ತರವಲ್ಲ. ಹೊಸಬರು ಕಲಿಯುವ ಇಳಿಜಾರು ಎಷ್ಟು ಎತ್ತರದಲ್ಲಿದೆ ಅಂತ ಕೇಳಿ. ಬೆಟ್ಟದ ತುದಿ 2500 ಇದ್ದು ಮಕ್ಕಳ ಮೈದಾನ ಊರೊಳಗೆ 800 ಮೀಟರ್‌ನಲ್ಲಿದ್ದರೆ ನಿಮ್ಮ ಮಕ್ಕಳಿಗೆ ಸಿಗುವುದು ಕೆಸರು.

ಜಿನೀವಾ_ಗಿರಿ

ಸರಿ, ಆ ಮಾತು ಒಪ್ಪಿದೆ.

ತುಂಗಾತೀರ

ಎತ್ತರದ ವಿಷಯ ಮುಗಿಯಿತು ಅಂದುಕೊಂಡು ನಾನು 400 ಮೀಟರ್ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ನಾವು ತಗೊಂಡ ಮನೆಯೂ ಲಿಫ್ಟ್‌ಗೆ 400 ಮೀಟರ್. ನಿಜವೇ, ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಅಷ್ಟೇ. ಆದರೆ ಮನೆ ಕೆಳಗೆ, ಲಿಫ್ಟ್ ಮೇಲೆ. ನಡುವೆ ಐಸ್ ಕಟ್ಟಿದ ಏರು ದಾರಿ.

ಸ್ಕೀ ಬೂಟು ಹಾಕಿ ನಡೆದವರಿಗೆ ಗೊತ್ತು. ಪಾದ ಮಡಿಯುವುದಿಲ್ಲ, ಕಣಕಾಲು ಬಗ್ಗುವುದಿಲ್ಲ. ಮರಗಾಲು ಕಟ್ಟಿಕೊಂಡು ನಡೆದ ಹಾಗೆ. ನನ್ನ ಒಂದು ಹೆಗಲ ಮೇಲೆ ನನ್ನ ಸ್ಕೀ, ಇನ್ನೊಂದು ಕಂಕುಳಲ್ಲಿ ಮಗನ ಸ್ಕೀ, ಬೆರಳಿಗೆ ಸಿಕ್ಕಿಸಿದ ಹೆಲ್ಮೆಟ್ಟು. ಅವನು ಆರು ವರ್ಷದವನು. ಅರ್ಧ ದಾರಿಯಲ್ಲಿ ಕೂತುಬಿಟ್ಟ. ಕೈಗವಸು ಬಿಚ್ಚಿ ಹಿಮ ತಿಂದ. ಎಬ್ಬಿಸಿದೆ. ಹತ್ತು ಹೆಜ್ಜೆ ನಡೆದ ಮೇಲೆ ಒಂದು ಕೈಗವಸು ಇಲ್ಲ ಅಂತ ಗೊತ್ತಾಯಿತು. ವಾಪಸ್ ಇಳಿದೆ. ನಾವು ಮೈದಾನ ಮುಟ್ಟುವಷ್ಟರಲ್ಲಿ ಕಲಿಸುವವರು ಮಕ್ಕಳ ಸಾಲು ಕಟ್ಟಿಕೊಂಡು ಹೊರಟೇ ಹೋಗಿದ್ದರು. ಮಗ ಅತ್ತ. ನಾನೂ ಅಳುವುದೊಂದು ಬಾಕಿ.

ಮರುದಿನ ಲಿಫ್ಟ್ ಬುಡದಲ್ಲಿ ಸ್ಕೀ ಡಿಪೋ ಇರುವುದು ಗೊತ್ತಾಯಿತು. ಲಾಕರ್‌ನಲ್ಲಿ ಸ್ಕೀ, ಬೂಟು ಎಲ್ಲ ಇಟ್ಟು ಬರಬಹುದು, ರಾತ್ರಿಯೆಲ್ಲ ಬಿಸಿಗಾಳಿ ಬಿಟ್ಟು ಬೂಟು ಒಣಗಿಸುತ್ತಾರೆ. ಬೆಳಿಗ್ಗೆ ಮಾಮೂಲಿ ಶೂನಲ್ಲಿ ಮಕ್ಕಳ ಕೈ ಹಿಡಿದು ಹೋದರೆ ಸಾಕು. ಅಲ್ಲಿಂದ ರಜೆ ರಜೆ ಆಯಿತು.

ಹಾಗಾಗಿ ಮನೆ ಮಾಲೀಕರಿಗೆ ಹೀಗೆ ಬರೆಯಿರಿ: ಏರು ಎಷ್ಟು? ದಾರಿಯ ಹಿಮ ತೆಗೆಯುತ್ತಾರಾ? ಸ್ಕೀ ಬಸ್ ಸ್ಟಾಪ್ ಎಲ್ಲಿ, ಎಷ್ಟು ಹೊತ್ತಿಗೊಂದು ಬಸ್ಸು? ಡಿಪೋ ಇದೆಯಾ?

ಸುಳ್ಯ_ಸ್ಟುಟ್‌ಗಾರ್ಟ್

ಬೀದಿ ಫೋಟೋ ಇರುವ ಆನ್‌ಲೈನ್ ನಕ್ಷೆ ತೆರೆದು ಮನೆಯಿಂದ ಲಿಫ್ಟ್‌ವರೆಗೆ ನಡೆದು ನೋಡಿ. ಐದು ನಿಮಿಷದ ಕೆಲಸ.

ಗ್ರೆನೋಬಲ್_ಗೆಳತಿ

ಎರಡನೇ ಮನೆ ಬಗ್ಗೆ ನಾನು ಹೇಳುತ್ತೇನೆ. ಫ್ರಾನ್ಸ್‌ನಲ್ಲಿ ಹತ್ತು ಜನ ಅಂದರೆ ಹತ್ತು ಮಂಚ ಅಂತ ತಿಳಿಯಬೇಡಿ. ಹಾಲ್‌ನಲ್ಲಿ ಬಿಚ್ಚುವ ಸೋಫಾ ಇಬ್ಬರಿಗೆ. ಬಾಗಿಲು ತೆಗೆದ ಕೂಡಲೇ ಸಿಗುವ ಗೂಡಿನಲ್ಲಿ ಮೇಲೊಂದು ಕೆಳಗೊಂದು ಹಲಗೆ ಮಂಚ. ಅದಕ್ಕೆ ಇಲ್ಲಿ 'ಕ್ವಾಂ ಮೊಂತಾಞ್' ಅನ್ನುತ್ತಾರೆ, ಬೆಟ್ಟದ ಮೂಲೆ ಅಂತ ಅರ್ಥ. ಹೆಸರು ಚೆಂದ. ಎಷ್ಟೋ ಕಡೆ ಕಿಟಕಿ ಇರುವುದಿಲ್ಲ, ಬಾಗಿಲೂ ಇರುವುದಿಲ್ಲ. ಅಲ್ಲಿ ನಿಮ್ಮ ಅಪ್ಪ ಅಮ್ಮ ಮಲಗುತ್ತಾರಾ? ರಾತ್ರಿ ಎರಡು ಸಲ ಏಳುವವರು ಸೋಫಾ ಮೇಲೆ ಮಲಗಿದವರನ್ನು ದಾಟಿಕೊಂಡು ಬಚ್ಚಲಿಗೆ ಹೋಗಬೇಕಾ?

ಜನರ ಲೆಕ್ಕ ಬಿಡಿ. ಚದರ ಮೀಟರ್ ಕೇಳಿ. ಬಾಗಿಲು ಹಾಕಿಕೊಳ್ಳುವ ರೂಮು ಎಷ್ಟು ಕೇಳಿ. ಬಚ್ಚಲು ಎಷ್ಟು, ಶೌಚಾಲಯ ಬೇರೆ ಇದೆಯಾ ಕೇಳಿ. ಹತ್ತು ಜನ ಬೆಳಿಗ್ಗೆ ಎಂಟಕ್ಕೆ ಒಟ್ಟಿಗೆ ಹೊರಡಬೇಕು, ಒಂದೇ ಬಚ್ಚಲು ಆದರೆ ಗತಿ ಏನು? ಮನೆಯ ಪ್ಲ್ಯಾನ್ ಕಳಿಸಿ ಅಂದರೆ ಒಳ್ಳೆಯ ಮಾಲೀಕರು ಕಳಿಸುತ್ತಾರೆ.

ಇನ್ನೊಂದು. ಶನಿವಾರದಿಂದ ಶನಿವಾರ ಬಾಡಿಗೆ ಆದರೆ ಎಲ್ಲರೂ ಅದೇ ದಿನ ಬೆಟ್ಟ ಹತ್ತುತ್ತಾರೆ. ವಾಲ್ ತೊರಾನ್ಸ್‌ಗೆ ಹೋಗುವ ದಾರಿಯಲ್ಲಿ ಆಲ್ಬೆರ್‌ವಿಲ್ ದಾಟಿ ಮೂಟಿಯೆ ಕಡೆ ಸಾಲುಗಟ್ಟಿ ನಿಲ್ಲಬೇಕು. ಭಾನುವಾರ ಶುರುವಾಗುವ ಮನೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಕಾರಿನಲ್ಲಿ ಬರುವುದಾದರೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬೆಟ್ಟದ ಊರುಗಳಲ್ಲಿ ಚಳಿಗಾಲದ ಟೈರು ಇಲ್ಲವೇ ಚೈನು ಕಾನೂನು ಪ್ರಕಾರ ಇರಲೇಬೇಕು.

ಕೊಪ್ಪದ_ಕಾಫಿ

ಈ ಶ್ಯಾಲೆ ಅನ್ನುವ ಹೆಸರು ಎಲ್ಲಿಂದ ಬಂತು? ಶೀರ್ಷಿಕೆಯಲ್ಲಿ ಶಾಲೆ ಅಂತ ಓದಿಕೊಂಡು ಮಕ್ಕಳ ಸ್ಕೂಲು ಆರಿಸುವ ವಿಷಯ ಅಂತ ಒಳಗೆ ಬಂದೆ.

ಬಾಸೆಲ್_ಭಾಗ್ಯ

@ಕೊಪ್ಪದ_ಕಾಫಿ, ಬಂದದ್ದು ಒಳ್ಳೆಯದಾಯಿತು, ಇದು ನಿಮಗೆ ಇಷ್ಟವಾಗುವ ವಿಷಯ. ಆಲ್ಪ್ಸ್‌ನಲ್ಲಿ ಬೇಸಿಗೆಗೆ ದನ ಹೊಡೆದುಕೊಂಡು ಬೆಟ್ಟದ ಮೇಲೆ ಹೋಗುವವರು ಇರಲು, ಚೀಸ್ ಮಾಡಲು ಕಟ್ಟಿಕೊಂಡ ಮರದ ಗುಡಿಸಲು ಶ್ಯಾಲೆ. ಚಳಿಗಾಲದಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಈಗ ಮರದ ಮಾಡು, ಅಗಲ ಸೂರು ಇರುವ ಬೆಟ್ಟದ ಮನೆಗೆಲ್ಲ ಅದೇ ಹೆಸರು.

ಸ್ವಿಟ್ಜರ್ಲೆಂಡ್‌ನ ವಾಲಿಸ್ ಕಡೆ ಹೋದರೆ ಕಾಳು ಇಡುವ ಹಳೇ ಕಣಜಗಳನ್ನು ನೋಡಿ. ನಾಲ್ಕು ಮರದ ಕಾಲು, ಪ್ರತಿ ಕಾಲಿನ ಮೇಲೆ ರೊಟ್ಟಿಯಂಥ ದುಂಡು ಚಪ್ಪಟೆ ಕಲ್ಲು, ಅದರ ಮೇಲೆ ಕಣಜ. ಇಲಿ ಕಾಲು ಹತ್ತಿದರೂ ಕಲ್ಲಿನ ಅಂಚು ದಾಟಲು ಆಗುವುದಿಲ್ಲ. ಜರ್ಮಾಟ್ ಊರೊಳಗೇ ಇವೆ.

ಕೊಪ್ಪದ_ಕಾಫಿ

ಭಲೇ! ನಮ್ಮ ಅಜ್ಜನ ಮನೆಯಲ್ಲಿ ಪಣತ (ಕಣಜ) ಅಟ್ಟದ ಮೇಲಿತ್ತು. ಇಲಿಗೆ ಬೆಕ್ಕೇ ಗತಿ. ಸೂರು ಅಗಲ ಇರುವುದು ನಮ್ಮ ಕಡೆ ಮಳೆ ಗೋಡೆಗೆ ಬಡಿಯದಿರಲಿ ಅಂತ. ಅಲ್ಲಿ ಹಿಮ ಗೋಡೆಗೆ ತಾಗದಿರಲು ಇರಬೇಕು ಅಲ್ವಾ? ಹಿಮದ ಭಾರಕ್ಕೆ ಮಾಡು ಕುಸಿಯುವುದಿಲ್ಲವಾ?

ಬಾಸೆಲ್_ಭಾಗ್ಯ

ಅದಕ್ಕೇ ದಪ್ಪ ತೊಲೆ. ಹಳೇ ಮನೆಗಳಲ್ಲಿ ಮಾಡಿನ ಇಳಿಜಾರು ಜಾಸ್ತಿ ಇರುವುದಿಲ್ಲ, ಮೇಲೆ ಕಲ್ಲಿನ ಚಪ್ಪಡಿ. ಹಿಮ ಅಲ್ಲೇ ಕೂರಲಿ ಅಂತ. ಕೂತ ಹಿಮ ಕಂಬಳಿಯ ಹಾಗೆ ಮನೆಯೊಳಗಿನ ಬಿಸಿ ಹಿಡಿದಿಡುತ್ತದೆ.

ಲಂಡನ್_ಶರಾವತಿ

ವಿಷಯಕ್ಕೆ ಬರೋಣ. ಅಡುಗೆ ಸಮೇತ ಶ್ಯಾಲೆ ನೋಡಿದಿರಾ? ಇಂಗ್ಲೆಂಡ್‌ನಿಂದ ಹೋಗುವವರಲ್ಲಿ ಇದು ಬಹಳ ವರ್ಷದಿಂದ ನಡೆದು ಬಂದ ಪದ್ಧತಿ. ಮನೆಯಲ್ಲೇ ಒಬ್ಬರು ಇಬ್ಬರು ಅಡುಗೆಯವರು ಇರುತ್ತಾರೆ. ಬೆಳಿಗ್ಗೆ ತಿಂಡಿ, ಸ್ಕೀ ಮುಗಿಸಿ ಬಂದಾಗ ಚಹಾ ಜೊತೆ ಬಿಸಿ ಕೇಕು, ರಾತ್ರಿ ಊಟ. ವಾರದಲ್ಲಿ ಒಂದು ದಿನ ಅವರಿಗೆ ರಜೆ, ಆವತ್ತು ನಿಮ್ಮ ಊಟ ನೀವೇ ನೋಡಿಕೊಳ್ಳಬೇಕು. ಬ್ರೆಕ್ಸಿಟ್ ಆದ ಮೇಲೆ ಇಲ್ಲಿನ ಹುಡುಗ ಹುಡುಗಿಯರು ಸುಮ್ನೆ ಹೋಗಿ ಕೆಲಸ ಮಾಡಲು ಆಗುವುದಿಲ್ಲ, ವೀಸಾ ಬೇಕು. ಹಾಗಾಗಿ ಅಂಥ ಶ್ಯಾಲೆ ಕಮ್ಮಿಯಾಗಿವೆ, ದುಬಾರಿಯೂ ಆಗಿವೆ. ಹುಡುಕಿದರೆ ಸಿಗುತ್ತವೆ.

ನಾವು ಆರು ಜನ ಸಸ್ಯಾಹಾರಿಗಳು ಹೋಗಿದ್ದೆವು. ಮೊದಲೇ ತಿಳಿಸಿದ್ದೆವು. ಮೊದಲ ರಾತ್ರಿ ಹುರಿದ ತರಕಾರಿ, ಎರಡನೇ ರಾತ್ರಿ ತರಕಾರಿ ಹುರಿದದ್ದು. ಮೂರನೇ ದಿನ ನಾನೇ ಅಡುಗೆ ಹುಡುಗಿಯ ಪಕ್ಕ ನಿಂತು ಕಡಲೆಕಾಳಿನ ಗೊಜ್ಜು ತೋರಿಸಿಕೊಟ್ಟೆ. ಆ ಹುಡುಗಿ ಬರೆದಿಟ್ಟುಕೊಂಡಳು. ಕೊನೆಯ ದಿನ ಅವಳೇ ಮಾಡಿ ಬಡಿಸಿದಳು, ಚೆನ್ನಾಗಿತ್ತು.

ಲಂಡನ್ ಕಡೆಯಿಂದ ಓದುತ್ತಿರುವವರಿಗೆ ಒಂದು ಮಾತು: ನಮ್ಮದು ಭಾರತದ ಪಾಸ್‌ಪೋರ್ಟ್ ಆದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕೇ ಬೇಕು. ವೀಸಾ ಕೈಗೆ ಬರುವವರೆಗೆ ದುಡ್ಡು ವಾಪಸ್ ಕೊಡುವ ಬುಕಿಂಗ್ ಬಿಟ್ಟು ಬೇರೆ ಮುಟ್ಟಬೇಡಿ.

ಧಾರವಾಡ_ಡಬ್ಲಿನ್

ಚೀಸ್ ಬಗ್ಗೆಯೂ ಹೇಳಿಬಿಡಿ. ಎಷ್ಟೋ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಚೀಸ್ ಕರಗಿಸಿ ಮಾಡುವ ರಾಕ್ಲೆಟ್, ಫಾಂಡ್ಯೂ ತಿನ್ನುವ ಮೊದಲು ಅಪ್ಪ ಅಮ್ಮನಿಗೆ ತಿಳಿಸುವುದು ಒಳ್ಳೆಯದು.

ಹಾಸನದ_ಹೇಮೆ

ಎಲ್ಲ ಓದಿದೆ. ಎತ್ತರ, ದೂರ, ಮಂಚ, ಸೂರು. ಯಾರೂ ಕೇಳದ ಪ್ರಶ್ನೆ ಒಂದು ಇದೆ. ಹತ್ತು ಜನಕ್ಕೆ ಅಡುಗೆ ಯಾರು ಮಾಡುವುದು?

ಹೋದ ವರ್ಷ ನಾವೂ ದೊಡ್ಡ ಶ್ಯಾಲೆ ತಗೊಂಡೆವು, ಮೂರು ಸಂಸಾರ. ಬಹಳ ಚೆಂದದ ಮನೆ. ಬೆಳಿಗ್ಗೆ ಆರೂವರೆಗೆ ಎದ್ದು ಅವಲಕ್ಕಿಯೋ ಉಪ್ಪಿಟ್ಟೋ. ಮಧ್ಯಾಹ್ನಕ್ಕೆ ಡಬ್ಬಿ. ನಾಲ್ಕಕ್ಕೆ ಎಲ್ಲರೂ ಹಸಿದು ಬರುತ್ತಾರೆ, ಬಜ್ಜಿ ಕೇಳುತ್ತಾರೆ. ರಾತ್ರಿ ಅನ್ನ, ಸಾರು, ಪಲ್ಯ. ಪಾತ್ರೆ ತೊಳೆಯುವ ಮಷಿನ್ ಆರು ಜನದ ಮನೆಯದ್ದು, ಎರಡು ಸಲ ಓಡಿಸಬೇಕು. ಬಿಸಿನೀರಿನ ತೊಟ್ಟಿಯಲ್ಲಿ ಎಲ್ಲರೂ ಕೂತು ನಗುವುದು ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಏಳು ದಿನದಲ್ಲಿ ನಾನು ಹಿಮದ ಮೇಲೆ ನಿಂತದ್ದು ಎರಡು ದಿನ.

ನಿಮ್ಮ ಮನೆಯಲ್ಲಿ ಹಾಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಬುಕ್ ಮಾಡುವ ಮೊದಲು ಇದನ್ನು ಮಾತಾಡಿಕೊಳ್ಳಿ. ನಿಮ್ಮ ಅಮ್ಮನೂ ಬರುತ್ತಿದ್ದಾರೆ. ಒಲೆ ಕಂಡರೆ ಅವರು ಸುಮ್ನೆ ಕೂರುವವರಾ?

ಇನ್ಸ್‌ಬ್ರುಕ್_ಇಂದು

ಇದಕ್ಕೆ ಸಾವಿರ ಸಲ ಹೌದು.

ಸುಳ್ಯ_ಸ್ಟುಟ್‌ಗಾರ್ಟ್

ಪಾಳಿ ಹಾಕಿಕೊಂಡರೆ ಆಯಿತಲ್ಲ? ನಾವು ಗಂಡಸರು ನಾಲ್ಕು ದಿನ, ಹೆಂಗಸರು ಮೂರು ದಿನ ಮಾಡಿಕೊಂಡೆವು. ನಡೆಯಿತು.

ಹಾಸನದ_ಹೇಮೆ

@ಸುಳ್ಯ_ಸ್ಟುಟ್‌ಗಾರ್ಟ್, ನಡೆದರೆ ಸಂತೋಷ. ನಮ್ಮಲ್ಲೂ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದರು. ಸೋಮವಾರದ ಪಾಳಿಯವರಿಗೆ ಮಂಡಿ ಉಳುಕಿತು. ಮಂಗಳವಾರದವರು 'ಪಾಸ್ತಾ ಸಾಕಲ್ಲ' ಅಂದರು, ಹಿರಿಯರು ಪಾಸ್ತಾ ಮುಟ್ಟಲಿಲ್ಲ. ಮತ್ತೆ ಒಲೆ ಮುಂದೆ ನಾನೇ.

ಆಸ್ಟ್ರಿಯಾದಲ್ಲಿ ಸಣ್ಣ ಪೆನ್ಸಿಯೋನ್‌ಗಳು (ಮನೆಯಂಥ ವಸತಿಗಳು), ರೈತರ ಮನೆಗಳು ಬೇಕಾದಷ್ಟು ಇವೆ. ತಿಂಡಿ ಕೊಡುತ್ತಾರೆ, ಕೆಲವು ಕಡೆ ರಾತ್ರಿ ಊಟವೂ ಸೇರಿ ಹಾಫ್ ಬೋರ್ಡ್. ಶ್ಯಾಲೆಯೇ ಯಾಕೆ ಬೇಕು?

ಜಿನೀವಾ_ಗಿರಿ

ಹಾಫ್ ಬೋರ್ಡ್‌ನಲ್ಲಿ ಸಸ್ಯಾಹಾರ ಅಂದರೆ ದಿನಾ ಚೀಸ್ ಹಾಕಿದ ಹಿಟ್ಟಿನ ಉಂಡೆ. ಮೂರು ದಿನ ತಿನ್ನಬಹುದು. ಆಮೇಲೆ ಅಮ್ಮಂದಿರು ಮೊಸರನ್ನ ಕೇಳುತ್ತಾರೆ. ಅಡುಗೆಮನೆ ಇರಲೇಬೇಕು ಅಂತ ನನ್ನ ವಾದ.

ಕೆಮಿಸ್ಟ್ರಿ_ಮೇಷ್ಟ್ರು

ಅಡುಗೆಮನೆ ಅಂದದ್ದಕ್ಕೆ ಒಂದು ಮಾತು. ವಾಲ್ ತೊರಾನ್ಸ್ 2300 ಮೀಟರ್, ಯುರೋಪಿನಲ್ಲೇ ಎತ್ತರದ ಸ್ಕೀ ಊರು. ಪ್ರತಿ 300 ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಲ್ಲಿ ನೀರು 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಬೇಯಲು ಮಾಮೂಲಿಗಿಂತ ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಬೇಕು.

ತುಂಗಾತೀರ

ಮತ್ತೆ ಆ ಕುಕ್ಕರ್ ಸ್ಟೀಲಿನದಾಗಿರಲಿ, ತಳಕ್ಕೆ ಅಯಸ್ಕಾಂತ ಅಂಟಬೇಕು. ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆಯೇ ಜಾಸ್ತಿ. ನಮ್ಮ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಒಲೆ ಆನ್ ಆಗುವುದೇ ಇಲ್ಲ.

ಲಂಡನ್_ಶರಾವತಿ

ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿರಿ. ಅಡುಗೆಮನೆ ಹಾಲ್ ಎರಡೂ ಒಂದೇ ಆಗಿರುತ್ತದೆ. ನಾವು ಎಣ್ಣೆಗೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ್ದೇ ತಡ, ಹೊಗೆ ಅಲಾರಂ ಕೂಗಿತು. ಕೆಳಗಿನ ಮನೆಯ ಅಜ್ಜಿ ಮನೆಯ ಚಪ್ಪಲಿಯಲ್ಲೇ ಹಿಮದೊಳಗೆ ಓಡಿ ಬಂದರು. ಪಾಪ, ಎಷ್ಟು ಹೆದರಿದ್ದರು ಅಂದರೆ ನಮಗೆ ಬಹಳ ಬೇಜಾರಾಯಿತು. ಮರುದಿನ ಸಾರು ಕೊಟ್ಟು ಬಂದೆವು.

ಮೈಸೂರು_ಮ್ಯೂನಿಕ್

ಅಬ್ಬಾ, ಒಂದು ದಿನ ಕಳೆದು ಬಂದು ನೋಡಿದರೆ ಇಷ್ಟೊಂದು! ಎಲ್ಲರಿಗೂ ಧನ್ಯವಾದ. @ಹಾಸನದ_ಹೇಮೆ, ನಿಮ್ಮ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ 'ಅವರು ಬರೆದದ್ದನ್ನೇ ನಾನು ಹೇಳಬೇಕು ಅಂತಿದ್ದೆ' ಅಂದಳು. ನನಗೆ ಆ ಯೋಚನೆ ಬಂದಿರಲೇ ಇಲ್ಲ.

ವಾಲ್ ತೊರಾನ್ಸ್ ಬಿಟ್ಟೆವು. ಪ್ಲ್ಯಾನ್ ತರಿಸಿದೆ. ಬಾಗಿಲಿರುವ ರೂಮು ಮೂರೇ, ಉಳಿದದ್ದು ಸೋಫಾ ಮತ್ತು ಆ ಬೆಟ್ಟದ ಮೂಲೆ. ಅಪ್ಪನಿಗೆ ಬಿಪಿ ಬೇರೆ ಇದೆ. ಏಳು ರಾತ್ರಿ 2300 ಮೀಟರ್‌ನಲ್ಲಿ ಮಲಗುವುದಾದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಬೇಕಾಗುತ್ತದೆ. ಬೆಟ್‌ಮೆರಾಲ್ಪ್ ಹೇಗೆ?

ಬಾಸೆಲ್_ಭಾಗ್ಯ

ಬೆಟ್‌ಮೆರಾಲ್ಪ್ ನನ್ನ ಪ್ರೀತಿಯ ಜಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಕಣಿವೆಯ ತಳದಲ್ಲಿ ಬೆಟನ್ ಅಂತ ಸ್ಟೇಷನ್. ಕಾರು ಅಲ್ಲೇ ಬಿಟ್ಟು ಕೇಬಲ್ ಕಾರ್ ಹತ್ತಬೇಕು. ಮೇಲೆ ಇಳಿದರೆ 1950 ಮೀಟರ್. ರಸ್ತೆ ಅನ್ನುವುದೇ ಹಿಮ. ಮಕ್ಕಳನ್ನು ಸ್ಲೆಡ್ಜ್ (ಹಿಮದ ಜಾರುಬಂಡಿ) ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗುತ್ತಾರೆ, ಬರುವಾಗ ಹಾಲು ಬ್ರೆಡ್ಡು ಅದೇ ಸ್ಲೆಡ್ಜ್ ಮೇಲೆ. ಮನೆ ಬಾಗಿಲಿಂದ ಸ್ಕೀ ಹಾಕಿಕೊಂಡು ಹೊರಡಬಹುದು. ಕಾರಿನ ಸದ್ದಿಲ್ಲ, ಮಕ್ಕಳನ್ನು ಹೊರಗೆ ಆಡಲು ಬಿಟ್ಟರೂ ಭಯವಿಲ್ಲ. ಸ್ಕೀ ಮಾಡದವರು ಗೊಂಡೊಲಾದಲ್ಲಿ ಬೆಟ್‌ಮೆರ್‌ಹಾರ್ನ್ ಮೇಲೆ ಹೋಗಿ ಅಲೆಚ್ ಹಿಮನದಿ ನೋಡಬಹುದು. ಆಲ್ಪ್ಸ್‌ನಲ್ಲೇ ದೊಡ್ಡದು, 20 ಕಿ.ಮೀ.ಗೂ ಉದ್ದ. 2001ರಲ್ಲಿ ಆ ಪ್ರದೇಶ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಅತ್ತೆ ಅದನ್ನು ನೋಡಿ ಕೈ ಮುಗಿದರು.

ಆದರೆ ನಿಮ್ಮ ಅಪ್ಪನ ಮಂಡಿ ನೆನೆದರೆ ನನಗೇ ಅನುಮಾನ. ಅಲ್ಲಿ ಮನೆಯಿಂದ ಹೊರಗೆ ಇಟ್ಟ ಪ್ರತಿ ಹೆಜ್ಜೆಯೂ ಹಿಮದ ಮೇಲೆ, ಮಧ್ಯಾಹ್ನ ಕರಗಿದ್ದು ಸಂಜೆಗೆ ಗಾಜಾಗುತ್ತದೆ. ಶೂಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಸಿಗುತ್ತದೆ, ಅದಿಲ್ಲದೆ ಹಿರಿಯರು ಹೊರಡಬಾರದು. ಲಗೇಜ್ ಮನೆಗೆ ತಲುಪಿಸುವ ಏರ್ಪಾಡು ಮಾಲೀಕರನ್ನು ಕೇಳಿ ಮೊದಲೇ ಮಾಡಿಕೊಳ್ಳಬೇಕು.

ಇನ್ಸ್‌ಬ್ರುಕ್_ಇಂದು

ದಾರಿಯನ್ನೂ ನೋಡಿ. ಮ್ಯೂನಿಕ್‌ನಿಂದ ಅಲ್ಲಿಗೆ ಇಡೀ ದಿನದ ಪ್ರಯಾಣ. ದಾರಿಯಲ್ಲಿ ಸಿಗುವ ಫುರ್ಕಾ ಪಾಸ್ (ಘಾಟಿ ರಸ್ತೆ) ಚಳಿಗಾಲದಲ್ಲಿ ಮುಚ್ಚಿರುತ್ತದೆ. ರಿಯಾಲ್ಪ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿ ಸುರಂಗದ ಆಚೆ ಓಬರ್‌ವಾಲ್ಡ್‌ನಲ್ಲಿ ಇಳಿಸಬೇಕು. ರಜೆಯ ಶನಿವಾರ ಅಲ್ಲೂ ಸಾಲು. ಮಾಯರ್‌ಹೋಫೆನ್ ಇರುವ ಜಿಲ್ಲರ್‌ಟಾಲ್ ಕಣಿವೆ ಆದರೆ ಟ್ರಾಫಿಕ್ ಇಲ್ಲದಿದ್ದರೆ ಎರಡು ಗಂಟೆ ಚಿಲ್ಲರೆ.

ಬಾಸೆಲ್_ಭಾಗ್ಯ

ದೂರ ಒಪ್ಪಿದೆ. ಆದರೆ ದೂರ ಅಂತ ಆ ಊರನ್ನೇ ಬಿಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪ ಅಮ್ಮ ಇಲ್ಲದೆ ಹೋಗುವ ವರ್ಷಕ್ಕೆ ಇಟ್ಟುಕೊಳ್ಳಿ.

ಬೆಂಗಳೂರು_ಬಸವ

ಇಷ್ಟು ಖರ್ಚು, ಇಷ್ಟು ತಲೆಬಿಸಿ. ನಾವು ಗುಲ್ಮಾರ್ಗ್‌ಗೆ ಹೋಗಿ ಬಂದೆವು. ಎರಡನೇ ಹಂತದ ಗೊಂಡೊಲಾ 3900 ಮೀಟರ್ ದಾಟುತ್ತದೆ. ಹಿಮ ಅಂದರೆ ಅದು.

ಜಿನೀವಾ_ಗಿರಿ

@ಬೆಂಗಳೂರು_ಬಸವ, ಗುಲ್ಮಾರ್ಗ್ ಹಿಮಕ್ಕೆ ನಾನೂ ತಲೆಬಾಗುತ್ತೇನೆ, ನಾನು ಸ್ಕೀ ಕಲಿತದ್ದೇ ಅಲ್ಲಿ. ಆದರೆ ಮ್ಯೂನಿಕ್‌ನಲ್ಲಿ ಇರುವವರಿಗೆ ಒಂದು ವಾರದ ರಜೆಯಲ್ಲಿ ಆಗುವ ಮಾತಲ್ಲ. ಬೇರೆ ಥ್ರೆಡ್ ಶುರು ಮಾಡಿ, ಬಂದು ಬರೆಯುತ್ತೇನೆ.

ಗುಲ್ಬರ್ಗ_ಗ್ರಾಜ್

ಯಾವ ಊರೇ ಆಗಲಿ, ತೋರಿಸಿದ ಬಾಡಿಗೆಗೆ ಇನ್ನೇನು ಸೇರುತ್ತದೆ ನೋಡಿ. ಕೊನೆಯ ಸ್ವಚ್ಛತೆಯ ದುಡ್ಡು ಬೇರೆ. ಹಾಸಿಗೆ ಬಟ್ಟೆ, ಟವೆಲು ಕೆಲವು ಕಡೆ ಬೇರೆ. ಊರಿನ ತೆರಿಗೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ. ಹತ್ತು ತಲೆ, ಏಳು ರಾತ್ರಿ ಗುಣಿಸಿ ನೋಡಿ, ಚಿಕ್ಕ ಮಕ್ಕಳಿಗೆ ಎಷ್ಟೋ ಕಡೆ ಇರುವುದಿಲ್ಲ. ಕಟ್ಟಿಗೆ, ಬಿಸಿನೀರಿನ ತೊಟ್ಟಿ ಇವಕ್ಕೂ ಕೇಳುವವರಿದ್ದಾರೆ. ಠೇವಣಿ ಯಾವಾಗ ವಾಪಸ್ ಅಂತ ಬರೆಸಿಕೊಳ್ಳಿ.

ಒಮ್ಮೆ ನನಗೆ ಮೋಸವೂ ಆಗಿದೆ. ಜಾಹೀರಾತಿನಲ್ಲಿ ಶ್ಯಾಲೆ, ಬಾಡಿಗೆ ಅರ್ಧಕ್ಕರ್ಧ ಕಮ್ಮಿ. 'ವೆಬ್‌ಸೈಟ್ ಕಮಿಷನ್ ಉಳಿಯುತ್ತದೆ, ನೇರ ಬ್ಯಾಂಕಿಗೆ ಹಾಕಿ' ಅಂದರು. ಮುಂಗಡ 600 ಯೂರೋ ಹಾಕಿದೆ. ಆಮೇಲೆ ಫೋನ್ ಎತ್ತಲಿಲ್ಲ. ಅದೇ ಫೋಟೋಗಳು ಇನ್ನೊಂದು ಊರಿನ ಇನ್ನೊಂದು ಮನೆಯವು ಅಂತ ಮಗಳು ಹುಡುಕಿ ತೋರಿಸಿದಳು. ಆ ಊರಿನ ಪ್ರವಾಸಿ ಕಚೇರಿಗೆ ಫೋನ್ ಮಾಡಿ 'ಈ ಹೆಸರಿನ ಮನೆ ಇದೆಯಾ' ಅಂತ ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಈಗ ಪ್ರತಿ ಸಲ ಕೇಳುತ್ತೇನೆ.

ಇನ್ಸ್‌ಬ್ರುಕ್_ಇಂದು

ಇನ್ಶೂರೆನ್ಸ್ ಮರೆಯಬೇಡಿ. ಅಪ್ಪ ಅಮ್ಮನ ವೀಸಾಗೆ ಮಾಡಿಸುವ 30,000 ಯೂರೋ ಪಾಲಿಸಿಯಲ್ಲಿ ಸ್ಲೆಡ್ಜ್‌ನಂಥ ಹಿಮದ ಆಟ ಸೇರಿದೆಯಾ ಅಂತ ಓದಿ ನೋಡಿ. ನೀವು ಜರ್ಮನ್ ಅಥವಾ ಆಸ್ಟ್ರಿಯನ್ ಆಲ್ಪೈನ್ ಕ್ಲಬ್ (ಪರ್ವತಾರೋಹಿಗಳ ಸಂಘ) ಸದಸ್ಯತ್ವ ತಗೊಂಡರೆ ಬೆಟ್ಟದಿಂದ ಎತ್ತಿಕೊಂಡು ಬರುವ ಖರ್ಚಿಗೆ ವಿಮೆ ಸೇರಿರುತ್ತದೆ. ಇಟಲಿ ಕಡೆ ದಾಟಿ ಸ್ಕೀ ಮಾಡುವುದಾದರೆ 2022ರಿಂದ ನಮ್ಮಿಂದ ಬೇರೆಯವರಿಗೆ ಆದ ಗಾಯ, ನಷ್ಟಕ್ಕೆ ಪರಿಹಾರ ಕೊಡುವ ವಿಮೆ ಕಡ್ಡಾಯ.

ಮೈಸೂರು_ಮ್ಯೂನಿಕ್

ಕೊನೆಗೂ ಬುಕ್ ಆಯಿತು. ಆ ಫೋಟೋ ಶ್ಯಾಲೆಯ ಮಾಲೀಕರಿಗೆ ತುಂಗಾತೀರ ಅವರ ಪ್ರಶ್ನೆಗಳನ್ನೇ ಕಳಿಸಿದ್ದೆ. ಪ್ರಾಮಾಣಿಕವಾಗಿ ಉತ್ತರ ಕೊಟ್ಟರು: ಕಡಿದಾದ ಏರು, ಡಿಪೋ ಇಲ್ಲ, ಬಸ್ಸು ಗಂಟೆಗೊಂದು. ಅಲ್ಲಿಗೆ ಮುಗಿಯಿತು. ಆ ಒಲೆ, ಆ ಕಿಟಕಿ ಬಿಡಲು ನನಗೆ ನಿಜವಾಗಿ ಸಂಕಟವಾಯಿತು.

ಮಾಯರ್‌ಹೋಫೆನ್ ಹತ್ತಿರ ಒಂದು ರೈತರ ಮನೆ ಸಿಕ್ಕಿತು. ಒಂದೇ ಕಟ್ಟಡದಲ್ಲಿ ಎರಡು ಅಪಾರ್ಟ್‌ಮೆಂಟ್, ಬಾಗಿಲಿರುವ ಐದು ರೂಮು, ಮೂರು ಬಚ್ಚಲು. ಅಪ್ಪ ಅಮ್ಮನಿಗೆ ಕೆಳಗಿನ ಮಹಡಿ, ಮೆಟ್ಟಿಲಿಲ್ಲ. ತಿಂಡಿ ಮನೆಯವರೇ ಕೊಡುತ್ತಾರೆ. ರಾತ್ರಿ ಊಟ ನಾಲ್ಕು ದಿನ ಹೊರಗೆ. ಉಳಿದ ಮೂರು ದಿನ ನಾನು ಮತ್ತು ಗೆಳೆಯ ಮಾಡುತ್ತೇವೆ. ಬಸ್ಸು ಗೇಟಿನ ಮುಂದೆ, ಡಿಪೋ ಲಿಫ್ಟ್ ಬುಡದಲ್ಲಿ. ಮಕ್ಕಳ ಕ್ಲಾಸು ಅಹೊರ್ನ್ ಬೆಟ್ಟದ ಮೇಲೆ, 2000 ಮೀಟರ್ ಹತ್ತಿರ. ಅಗಲವಾದ ಸಣ್ಣ ಇಳಿಜಾರು. ಕೇಬಲ್ ಕಾರ್‌ನಲ್ಲಿ ಅಪ್ಪ ಅಮ್ಮನೂ ಮೇಲೆ ಹೋಗಿ ಮೊಮ್ಮಕ್ಕಳನ್ನು ನೋಡಿಕೊಂಡು ಕೂರಬಹುದು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಹಾಗಾದರೆ ನಾನು ಅಲ್ಲಿ ಏನು ಮಾಡಲಿ?' ಅಂದರು. ಏನೂ ಮಾಡಬೇಡಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು 'ಆಯಿತು ನೋಡೋಣ' ಅಂದರು. ಅಪ್ಪ ರೈಲ್ವೆಯಲ್ಲಿದ್ದವರು. ಆ ಕಣಿವೆಯಲ್ಲಿ 1902ರಿಂದ ಯೆನ್‌ಬಾಕ್‌ನಿಂದ ಮಾಯರ್‌ಹೋಫೆನ್‌ವರೆಗೆ ಸಣ್ಣ ಗೇಜ್ ರೈಲು ಓಡುತ್ತಿದೆ ಅಂದ ಕೂಡಲೇ ಕೇಳಿದ ಮೊದಲ ಪ್ರಶ್ನೆ 'ಗೇಜ್ ಎಷ್ಟು?' 760 ಮಿ.ಮೀ. ಅಂದೆ. ಈಗ ದಿನಾ ಸಂಜೆ ಅದರ ವಿಡಿಯೋ ನೋಡುತ್ತಿದ್ದಾರಂತೆ.

ಹಾಸನದ_ಹೇಮೆ

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ. ಆ ಮೂರು ದಿನ ಏನು ಅಡುಗೆ ಮಾಡುತ್ತೀರಿ ಅಂತ ಈಗಲೇ ಬರೆದಿಡಿ, ಸಾಮಾನು ಮ್ಯೂನಿಕ್‌ನಿಂದಲೇ ತಗೊಂಡು ಹೋಗಿ.

ತುಂಗಾತೀರ

ಮಕ್ಕಳಿಗೆ ಎರಡೆರಡು ಜೊತೆ ಕೈಗವಸು. ಒಂದಕ್ಕೆ ದಾರ ಹೊಲಿದು ತೋಳೊಳಗೆ ಹಾಯಿಸಿ.

ಕೊಪ್ಪದ_ಕಾಫಿ

ರೈತರ ಮನೆ ಅಂದಿರಲ್ಲ, ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ? ಹೋಗಿ ಬಂದ ಮೇಲೆ ಫೋಟೋ ಹಾಕಿ.